ಗುಂಗುರು ಕೂದಲು: ಇಷ್ಟೊಂದು ಎಣ್ಣೆ ಹಚ್ಚಿದರೂ ಒಣಗುವುದೇಕೆ?

ಪ್ರಶ್ನೆ: ಅಕ್ಕಾ, ನನ್ನದು ಗುಂಗುರು ಕೂದಲು. ಮನೆ ಕೊಡಗಿನ ಪೊನ್ನಂಪೇಟೆ ಹತ್ತಿರ. ವಾರಕ್ಕೆ ಮೂರು ಸಲ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಆದರೂ ತಲೆಗೆ ನೀರು ಹಾಕಿದ ಮಾರನೇ ದಿನವೇ ಕೂದಲು ಒಣಗಿ, ಕೆದರಿ, ಕೈಗೆ ಒರಟೊರಟು. ಮಳೆಗಾಲದಲ್ಲಂತೂ ಕೇಳಲೇಬೇಡಿ. ಒಳ್ಳೆ ಮಾಯಿಶ್ಚರೈಸರ್ ಯಾವುದು, ಹೆಸರು ಹೇಳ್ತೀರಾ?

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಇದೇ. ನಾಪೋಕ್ಲುವಿನಿಂದ ಬರುತ್ತದೆ, ಸೋಮವಾರಪೇಟೆಯಿಂದ ಬರುತ್ತದೆ, ಸಿದ್ದಾಪುರದಿಂದ ಬರುತ್ತದೆ. ಪಾರ್ಲರ್ ಕುರ್ಚಿಯಲ್ಲಿ ಕೂತವರೂ ಕನ್ನಡಿ ನೋಡಿಕೊಂಡು ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಈ ಸಲ ಪೂರ್ತಿ ಬರೆಯುತ್ತಿದ್ದೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಓದಲು ಕೊಡಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮಗೆ ಬೇಕಿರುವುದು ಒಂದು ಸಾಧಾರಣ, ಸ್ವಲ್ಪ ಗಟ್ಟಿಯಾದ ಕಂಡೀಷನರ್. ಅದನ್ನು ಪ್ರತಿ ಸಲ ತಲೆ ತೊಳೆದಾಗಲೂ ಹಚ್ಚಬೇಕು. ಆಮೇಲೆ ಇನ್ನೂ ಒದ್ದೆ ಇರುವಾಗಲೇ ಕೂದಲಿಗೆ ತೊಳೆಯದೆ ಬಿಡುವ ಕ್ರೀಮನ್ನೋ ಜೆಲ್ಲನ್ನೋ ಹಚ್ಚಬೇಕು. ಎಣ್ಣೆ ಬಿಡಬೇಕಿಲ್ಲ. ಆದರೆ ಅದು ಸ್ನಾನಕ್ಕೆ ಮುಂಚಿನ ಕೆಲಸ.

"ಎಣ್ಣೆಯೇ ತೇವ ಕೊಡುತ್ತಲ್ವಾ?" ಅಂತ ಈಗ ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಈ ನಂಬಿಕೆ ಹೋಗದೆ ಯಾವ ಬಾಟಲಿ ಕೊಂಡರೂ ಪ್ರಯೋಜನ ಇಲ್ಲ. ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ.

ಎಣ್ಣೆಯಲ್ಲಿ ನೀರೇ ಇಲ್ಲ. ಇಲ್ಲದ್ದನ್ನು ಅದು ಕೊಡುವುದಾದರೂ ಹೇಗೆ? ಮನೆಯಲ್ಲೇ ನೋಡಬಹುದು. ಬಾಚಣಿಗೆಗೆ ಬಂದ ಉದುರುಗೂದಲಿನ ಎರಡು ಸಣ್ಣ ಗೊಂಚಲು ತೊಗೊಳ್ಳಿ. ಒಂದಕ್ಕೆ ಕೊಬ್ಬರಿ ಎಣ್ಣೆ ಸವರಿ, ಬಟ್ಟೆಯಿಂದ ಒರೆಸಿ. ಇನ್ನೊಂದು ಹಾಗೇ ಇರಲಿ. ಎರಡನ್ನೂ ತಟ್ಟೆಯ ಮೇಲೆ ಇಟ್ಟು, ತುದಿಯ ಕಡೆ ಬೆರಳಿನಿಂದ ಒಂದೊಂದು ಹನಿ ನೀರು ಬಿಡಿ. ಎಣ್ಣೆ ಸವರಿದ ಗೊಂಚಲಿನ ಮೇಲೆ ಹನಿ ಗುಂಡಗೆ ಕೂರುತ್ತದೆ, ತಟ್ಟೆ ಓರೆ ಮಾಡಿದರೆ ಜಾರಿ ಹೋಗುತ್ತದೆ. ಇನ್ನೊಂದರ ತುದಿಯಲ್ಲಿ ಹನಿ ನಿಧಾನಕ್ಕೆ ಹರಡಿ ಒಳಗೆ ಇಳಿಯುತ್ತದೆ. ಪಾರ್ಲರ್‌ಗೆ ಬಂದವರಿಗೆ ಇದನ್ನು ಮಾಡಿ ತೋರಿಸುತ್ತೇನೆ. ನೋಡಿದ ಮೇಲೆ ವಾದ ಮಾಡುವವರು ಕಡಿಮೆ.

ಅಂದರೆ ಎಣ್ಣೆ ನೀರನ್ನು ತಡೆಯುತ್ತದೆ. ಒಳಗಿನದು ಬೇಗ ಹೊರಗೆ ಹೋಗದ ಹಾಗೆ, ಹೊರಗಿನದು ಬೇಗ ಒಳಗೆ ಬಾರದ ಹಾಗೆ. ನೀವು ಒಣಗಿದ ಕೂದಲಿಗೆ ಎಣ್ಣೆ ಹಚ್ಚಿದರೆ ಒಣಗಿದ್ದು ಹಾಗೇ ಉಳಿಯುತ್ತದೆ, ಹೊಳಪು ಮಾತ್ರ ಬರುತ್ತದೆ. ಕಣ ತುಂಬ ಕಾಫಿ ಹರವಿರುವ ದಿನಗಳಲ್ಲಿ ಆ ಎಣ್ಣೆಗೆ ಧೂಳೂ ಹಿಡಿಯುತ್ತದೆ. ಸಂಜೆ ಕೈ ಹಾಕಿದರೆ ಜಿಡ್ಡು, ಮಣ್ಣು, ಸಿಕ್ಕು. ಅದನ್ನು ತೆಗೆಯಲು ಶಾಂಪೂ ಎರಡು ಸಲ ಹಾಕುತ್ತೀರಿ. ಕೂದಲು ಇನ್ನೂ ಒರಟಾಗುತ್ತದೆ. ಒರಟಾಯಿತೆಂದು ಮತ್ತೆ ಎಣ್ಣೆ. ಪ್ರಶ್ನೆ ಕೇಳಿದ ತಂಗಿ, ನಿಮ್ಮ ವಾರದ ಮೂರು ಸಲದ ಕಥೆ ಇದೇ ಅಂತ ನನಗೆ ಅನಿಸುತ್ತದೆ.

ಕೊಬ್ಬರಿ ಎಣ್ಣೆಯಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದರಲ್ಲಿ ಲಾರಿಕ್ ಆಮ್ಲ ಜಾಸ್ತಿ. ಅದರ ಅಣು ಚಿಕ್ಕದು, ನೇರ, ಹಾಗಾಗಿ ಕೂದಲಿನ ಒಳಗೂ ಹೋಗುತ್ತದೆ. 2003ರಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದರು. ಕೂದಲಿನ ಪ್ರೋಟೀನ್ ಕಳೆದುಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಅವರು ಎಣ್ಣೆ ಕಂಪನಿಯೊಂದರ ಸಂಶೋಧನಾ ವಿಭಾಗದವರು ಅನ್ನುವುದನ್ನೂ ಹೇಳಿಬಿಡುತ್ತೇನೆ. ಆದರೂ ಆ ಕೆಲಸ ಇವತ್ತಿಗೂ ಬೆಲೆಯುಳ್ಳದ್ದು. ಅವರು ಅಳೆದದ್ದು ಏನನ್ನು ಅಂತ ಗಮನಿಸಿ: ಪ್ರೋಟೀನ್ ನಷ್ಟವನ್ನು. ಎಣ್ಣೆ ತೇವ ತುಂಬುತ್ತದೆ ಎಂದು ಅದರಲ್ಲಿ ಎಲ್ಲೂ ಇಲ್ಲ. ನೀರು ಕುಡಿದು ಕೂದಲು ಉಬ್ಬುವುದನ್ನೂ ಕೊಬ್ಬರಿ ಎಣ್ಣೆ ಕಡಿಮೆ ಮಾಡುತ್ತದೆ. ಅದಕ್ಕೇ ಹೇಳುವುದು, ತಲೆ ತೊಳೆಯುವ ಒಂದೆರಡು ಗಂಟೆ ಮೊದಲು ಉದ್ದಕ್ಕೂ ತುದಿಗೂ ತೆಳ್ಳಗೆ ಹಚ್ಚಿ. ಹೊಟ್ಟು ಇರುವವರು ಬುಡಕ್ಕೆ ಸುರಿಯಬೇಡಿ. ಹೊಟ್ಟಿಗೆ ಕಾರಣವಾದ ಮಲಸೇಜಿಯಾ ಎಂಬ ಶಿಲೀಂಧ್ರ ಬದುಕುವುದೇ ಜಿಡ್ಡಿನ ಮೇಲೆ.

"ಹಾಗಾದರೆ ನಮ್ಮ ಅಜ್ಜಿ?" ಇದು ಮುಂದಿನ ಪ್ರಶ್ನೆ. ಅಜ್ಜಿಗೆ ಸೊಂಟದ ತನಕ ಕೂದಲಿತ್ತು, ಜೀವಮಾನವಿಡೀ ಎಣ್ಣೆ ಬಿಟ್ಟರೆ ಬೇರೇನೂ ಹಚ್ಚಲಿಲ್ಲ ಅನ್ನುತ್ತೀರಿ. ಹಚ್ಚಿದ್ದರು! ನೆನಪು ಮಾಡಿಕೊಳ್ಳಿ. ಎಣ್ಣೆ ಹಚ್ಚಿ, ಬಚ್ಚಲ ಒಲೆಯ ಬಿಸಿನೀರಲ್ಲಿ ಸೀಗೆಪುಡಿ ಹಾಕಿ ಉಜ್ಜಿ, ಆಮೇಲೆ ದಾಸವಾಳದ ಸೊಪ್ಪನ್ನು ಕೈಯಲ್ಲಿ ಕಿವುಚಿ ಆ ಲೋಳೆಯನ್ನು ಕೂದಲಿನ ಉದ್ದಕ್ಕೂ ಎಳೆಯುತ್ತಿದ್ದರು. ಸಿಕ್ಕು ಬಿಡುತ್ತಿದ್ದದ್ದು ಆ ಲೋಳೆಯಿಂದ. ಅದೇ ಅವರ ಕಂಡೀಷನರ್. ನಾವು ಅಜ್ಜಿಯ ಎಣ್ಣೆಯನ್ನು ಇಟ್ಟುಕೊಂಡು ಲೋಳೆಯನ್ನು ಬಿಟ್ಟೆವು. ಜೊತೆಗೆ ಅವರು ಕೂದಲಿಗೆ ಬಣ್ಣ ಹಾಕಿಸಲಿಲ್ಲ, ನೇರ ಮಾಡಿಸಲಿಲ್ಲ. ಉದ್ದ ಕೂದಲು ಬರುವುದು ಬಹುಪಾಲು ವಂಶದಿಂದ. ಇಷ್ಟನ್ನೆಲ್ಲ ಬದಿಗಿಟ್ಟು ಎಲ್ಲ ಹೆಸರನ್ನೂ ಎಣ್ಣೆ ಬಾಟಲಿಗೆ ಕೊಡುವುದು ಅಜ್ಜಿಯ ಶ್ರಮಕ್ಕೆ ಮಾಡುವ ಅನ್ಯಾಯ.

ಇನ್ನು ಮಳೆಗಾಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದಲ್ಲಿ ಗೋಡೆಯೂ ಬೆವರುತ್ತದೆ, ಬೀರುವಿನಲ್ಲಿಟ್ಟ ಸೀರೆಗೂ ಬೂಷ್ಟು. ಅಂಥ ಗಾಳಿಯಲ್ಲಿ ಕೂದಲು ಒಣಗಿತು ಅನ್ನುತ್ತೀರಲ್ಲ, ನಿಜಕ್ಕೂ ಆಗ ಅದರೊಳಗೆ ನೀರು ವರ್ಷದಲ್ಲೇ ಜಾಸ್ತಿ ಇರುತ್ತದೆ. ಕೂದಲು ತನ್ನ ತೂಕದ ಸುಮಾರು 30% ನೀರನ್ನು ಹೀರಬಲ್ಲದು. ಹೀರಿದಾಗ ದಪ್ಪವಾಗುತ್ತದೆ. ಕೂದಲಿನ ಹೊರಮೈ ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಜೋಡಿಸಿದ ತೆಳು ಪದರಗಳಿಂದ ಆಗಿದೆ. ಒಳಗೆ ಉಬ್ಬಿದರೆ ಆ ಅಂಚುಗಳು ಏಳುತ್ತವೆ. ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ಕೈಗೆ ಒರಟು ತಗಲುತ್ತದೆ. ಒರಟು ತಗಲಿದ್ದನ್ನೇ ನಾವು ಒಣಗಿದ್ದು ಅಂದುಕೊಳ್ಳುತ್ತೇವೆ. ಗುಂಗುರು ಕೂದಲಿನಲ್ಲಿ ಇದು ಜಾಸ್ತಿ. ಪ್ರತಿ ತಿರುವಿನಲ್ಲೂ ಆ ಅಂಚುಗಳಿಗೆ ಪೆಟ್ಟು ಬೀಳುತ್ತದೆ, ಬುಡದ ಸಹಜ ಜಿಡ್ಡು ಸುರುಳಿ ದಾಟಿ ತುದಿಗೆ ಇಳಿಯುವುದೂ ಕಷ್ಟ.

ಹಾಗಾಗಿ ನಾವು ಹುಡುಕಬೇಕಾದದ್ದು ಈ ಅಂಚುಗಳನ್ನು ಕೂರಿಸಿ ನುಣುಪು ಮಾಡುವ ವಸ್ತುವನ್ನು. ಕಂಡೀಷನರ್ ಮಾಡುವುದು ಅದನ್ನೇ. ಸವೆದ ಕೂದಲಿನ ಮೇಲೆ ನೆಗೆಟಿವ್ ಚಾರ್ಜ್ ಇರುತ್ತದೆ, ಕಂಡೀಷನರಿನ ಮುಖ್ಯ ಪದಾರ್ಥಕ್ಕೆ ಪಾಸಿಟಿವ್ ಚಾರ್ಜ್. ಎಲ್ಲಿ ಜಾಸ್ತಿ ಸವೆದಿದೆಯೋ ಅಲ್ಲೇ ಜಾಸ್ತಿ ಅಂಟುತ್ತದೆ, ತೊಳೆದರೂ ತೆಳುವಾಗಿ ಉಳಿಯುತ್ತದೆ. ಎಷ್ಟು ಚೆಂದದ ಕೆಲಸ ಅಲ್ವಾ? ನನಗೆ ಇದನ್ನು ವಿವರಿಸುವಾಗಲೆಲ್ಲ ಖುಷಿಯಾಗುತ್ತದೆ.

ಕಂಪನಿಯ ಹೆಸರು ಹೇಳುವುದಿಲ್ಲ. ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಅದೇ ಹೆಸರಿನ ಬಾಟಲಿಯೊಳಗಿನ ಸರಕನ್ನು ಕಂಪನಿಯವರು ಬದಲಿಸುವುದೂ ಉಂಟು. ಬಾಟಲಿಯ ಹಿಂಬದಿ ಓದಲು ಕಲಿಯಿರಿ, ಗೋಣಿಕೊಪ್ಪದ ಅಂಗಡಿಯಲ್ಲೂ ಅದೇ ಸಾಕು. ನಮ್ಮ ದೇಶದ ನಿಯಮದ ಪ್ರಕಾರ 1%ಗಿಂತ ಜಾಸ್ತಿ ಇರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲೇ ಬರೆಯಬೇಕು. ಹಾಗಾಗಿ ಮೊದಲ ಆರೇಳು ಹೆಸರು ನೋಡಿದರೆ ವಿಷಯ ತಿಳಿಯುತ್ತದೆ. ಮೊದಲು ನೀರು. ಆಮೇಲೆ ಸೀಟೈಲ್ ಆಲ್ಕೋಹಾಲ್, ಸೀಟಿಯರಿಲ್ ಆಲ್ಕೋಹಾಲ್, ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್ ಅಥವಾ ಸೆಟ್ರಿಮೋನಿಯಂ ಕ್ಲೋರೈಡ್ ಇದ್ದರೆ ಧೈರ್ಯವಾಗಿ ತೊಗೊಳ್ಳಿ. ಆಲ್ಕೋಹಾಲ್ ಅಂತ ಕಂಡು ಹೆದರಬೇಡಿ. ಇವು ಮೇಣದಂಥ ಕೊಬ್ಬಿನ ಪದಾರ್ಥಗಳು, ಕೂದಲನ್ನು ಮೆತ್ತಗೆ ಮಾಡುತ್ತವೆ. ಒಣಗಿಸುವುದು ಆಲ್ಕೋಹಾಲ್ ಡಿನ್ಯಾಟ್. ಅದು ಪಟ್ಟಿಯ ಮೇಲ್ಗಡೆ ಇದ್ದರೆ ಬಿಟ್ಟುಬಿಡಿ. ಮುಂಬದಿಯಲ್ಲಿ ದೊಡ್ಡದಾಗಿ ಅರ್ಗಾನ್, ಆವಕಾಡೊ ಅಂತ ಬರೆದು ಹಿಂದೆ ಪಟ್ಟಿಯ ಕೊನೆಯಲ್ಲಿ ಅದರ ಹೆಸರಿದ್ದರೆ, ದುಡ್ಡು ಕೊಡುವುದು ಸುಮ್ನೆ ಆ ಚಿತ್ರಕ್ಕೆ.

ಗ್ಲಿಸರಿನ್ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ತೊಳೆಯದೆ ಬಿಡುವ ಕ್ರೀಮಿನಲ್ಲಿ ಅದು ಎರಡನೆಯದೋ ಮೂರನೆಯದೋ ಆಗಿದ್ದರೆ ಮಡಿಕೇರಿ, ಭಾಗಮಂಡಲದ ಜುಲೈಗೆ ಬೇಡ, ಕೂದಲು ಇನ್ನೂ ಉಬ್ಬುತ್ತದೆ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯವರಿಗೆ ಅಷ್ಟು ತೊಂದರೆ ಆಗಲಾರದು. ಡೈಮೆಥಿಕೋನ್ ಥರದ ಸಿಲಿಕೋನ್ ವಿಷ ಅಂತ ಒಬ್ಬರಿಂದ ಒಬ್ಬರಿಗೆ ಹರಡಿದೆ. ವಿಷ ಅಲ್ಲ. ಮಳೆಗಾಲದಲ್ಲಿ ಹೊರಗಿನ ತೇವ ಒಳಗೆ ನುಗ್ಗದಂತೆ ಅದು ಚೆನ್ನಾಗಿಯೇ ಕಾಯುತ್ತದೆ. ವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆದುಕೊಂಡರಾಯಿತು.

ಹಚ್ಚುವ ಕ್ರಮದಲ್ಲೇ ಅರ್ಧ ಗೆಲುವಿದೆ. ಶಾಂಪೂ ಬುಡಕ್ಕೆ ಮಾತ್ರ. ಕಂಡೀಷನರನ್ನು ಕಿವಿಯಿಂದ ಕೆಳಗೆ ಧಾರಾಳವಾಗಿ ಹಚ್ಚಿ, ಅದು ಮೇಲಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಒಣಗಿದ ಗುಂಗುರು ಕೂದಲನ್ನು ಬಾಚಲೇಬೇಡಿ. ತೊಳೆದ ಮೇಲೆ ಟವೆಲಿನಿಂದ ಉಜ್ಜುವುದು ಬೇಡ, ಹಳೆಯ ಕಾಟನ್ ಬನಿಯನ್ನಿನಲ್ಲಿ ಹಿಂಡಿ. ಆಮೇಲೆ ಕ್ರೀಮ್, ಅದರ ಮೇಲೆ ಜೆಲ್, ಕೈಯಲ್ಲಿ ಮುದುಡಿ ಮುದುಡಿ ಸುರುಳಿ ಮಾಡಿ. ಪೂರ್ತಿ ಒಣಗುವ ತನಕ ಮುಟ್ಟಬೇಡಿ. ಜೆಲ್‌ಗೆ ದುಡ್ಡು ಖರ್ಚು ಮಾಡಬೇಕಿಲ್ಲ. ಎರಡು ಚಮಚ ಅಗಸೆ ಬೀಜವನ್ನು ಒಂದೂವರೆ ಲೋಟ ನೀರಿನಲ್ಲಿ ಕುದಿಸಿ, ಮೊಟ್ಟೆಯ ಬಿಳಿಯಷ್ಟು ಲೋಳೆಯಾದಾಗ ಬಿಸಿ ಇರುವಾಗಲೇ ಸೋಸಿ. ಆರಿದ ಮೇಲೆ ಸೋಸಲು ಹೋದರೆ ಇಳಿಯುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು.

ಮಳೆಗಾಲದಲ್ಲಿ ತಲೆಗೆ ಬೆಳಿಗ್ಗೆಯೇ ನೀರು ಹಾಕಿಕೊಳ್ಳಿ. ಕರೆಂಟು ಹೋದರೆ ಡ್ರೈಯರ್ ಇಲ್ಲ, ಸಂಜೆ ತೊಳೆದ ದಟ್ಟ ಕೂದಲು ರಾತ್ರಿಯಾದರೂ ಒಣಗುವುದಿಲ್ಲ. ಒದ್ದೆ ತಲೆಯನ್ನು ಗಂಟು ಹಾಕಿ, ಮೇಲೆ ಮಳೆಕೋಟಿನ ಟೊಪ್ಪಿಯನ್ನೋ ಹೆಲ್ಮೆಟ್ಟನ್ನೋ ಹಾಕಿಕೊಂಡರೆ ನವೆಯೂ ವಾಸನೆಯೂ ಖಂಡಿತ.

ಇದೆಲ್ಲ ಬರೆಯುವಾಗ ಇನ್ನೊಂದು ಮಾತು ನೆನಪಾಯಿತು. ಓದಲು, ಕೆಲಸಕ್ಕೆ ಬೆಂಗಳೂರಿಗೆ ಹೋದ ನಮ್ಮ ಹುಡುಗಿಯರು ರಜೆಗೆ ಬಂದಾಗ "ಅಲ್ಲಿನ ನೀರಿಗೆ ಕೂದಲೆಲ್ಲ ಹಾಳಾಯ್ತು" ಅನ್ನುತ್ತಾರೆ. ಅಲ್ಲಿನ ನಲ್ಲಿಗೆ ಬರುವುದೂ ನಮ್ಮ ತಲಕಾವೇರಿಯ ಹೊಳೆಯೇ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪ್ ಮಾಡಿದ್ದು. ತೊಂದರೆ ಕೊಡುವುದು ಪಿ.ಜಿ., ಹಾಸ್ಟೆಲ್‌ಗಳ ಬೋರ್‌ವೆಲ್ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವಕ್ಕೂ ಪಾಸಿಟಿವ್ ಚಾರ್ಜ್ ಇರುವುದರಿಂದ ಕಂಡೀಷನರ್ ಕೂರಬೇಕಾದ ಜಾಗದಲ್ಲಿ ಅವು ಕೂರುತ್ತವೆ. ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟಿದ್ದರೆ ಕೂದಲಿನ ಮೇಲೂ ಅದೇ ಇದೆ ಅಂತ ತಿಳಿಯಿರಿ. ಇದರಿಂದ ಕೂದಲು ಒರಟಾಗುತ್ತದೆ, ಮಂಕಾಗುತ್ತದೆ, ನಡುವೆ ಮುರಿಯಬಹುದು. ಬುಡಸಮೇತ ಉದುರುತ್ತಿದ್ದರೆ ನೀರನ್ನು ಬೈಯುತ್ತ ಕೂರದೆ ರಕ್ತದಲ್ಲಿ ಕಬ್ಬಿಣ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಒರಟಿಗೆ, ಎರಡು ವಾರಕ್ಕೊಮ್ಮೆ, ಈ ಬಿಳಿ ಪದರ ಬಿಡಿಸುವ ಕೀಲೇಟಿಂಗ್ ಶಾಂಪೂ ಹಾಕಿ. ಪಟ್ಟಿಯಲ್ಲಿ ಇ.ಡಿ.ಟಿ.ಎ. ಅಂತ ಇರುತ್ತದೆ. ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಸುರಿದುಕೊಂಡರೆ ಇನ್ನೂ ಒಳ್ಳೆಯದು.

ಆ ಪದರ ಬಿಡಿಸಲು ಹುಳಿ ನೀರೂ ಆಗುತ್ತದೆ. ಒಂದು ಚೊಂಬು ನೀರಿಗೆ ಒಂದು ಚಮಚ ಬಿಳಿ ವಿನೆಗರ್, ಅಷ್ಟೇ. ಅದರ ಬದಲು ಮನೆಯ ಕಾಚಂಪುಳಿ ಹಾಕಬಹುದಾ ಅಂತ ಯಾರೂ ಕೇಳುವ ಮೊದಲೇ ಹೇಳುತ್ತೇನೆ: ಬೇಡ. ಹಣ್ಣಿನ ರಸವನ್ನು ಕಪ್ಪಗೆ, ಗಟ್ಟಿಯಾಗುವ ತನಕ ಇಂಗಿಸಿದ್ದು ಅದು. ಎಷ್ಟು ಹುಳಿ ಅಂತ ಅಳತೆ ಸಿಗುವುದಿಲ್ಲ, ಕೂದಲಿಗೆ ಅಂಟುತ್ತದೆ, ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಅದನ್ನು ಪಂದಿ ಕರಿಗೇ ಇಟ್ಟುಕೊಳ್ಳಿ.