ಸ್ಕೋರು ಬರೆಯಲು ಬಂದರೆ ಬನ್ನಿ

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಪ್ರಚಾರದ ಕೆಲಸ ಮಾಡಬೇಕೆಂದು ಬರುವವರ ಕಣ್ಣಲ್ಲಿ ದೊಡ್ಡ ದೊಡ್ಡ ಫಲಕಗಳಿರುತ್ತವೆ. 2001ರಲ್ಲಿ ಒರೆಗಾನ್ ವಿಶ್ವವಿದ್ಯಾಲಯ ತನ್ನ ಫುಟ್‌ಬಾಲ್ ಆಟಗಾರ ಜೋಯಿ ಹ್ಯಾರಿಂಗ್ಟನ್‌ಗೆ ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಸಿಗಲೆಂದು ನ್ಯೂಯಾರ್ಕಿನಲ್ಲಿ 2.5 ಲಕ್ಷ ಡಾಲರಿನ ಜಾಹೀರಾತು ಫಲಕ ಹಾಕಿಸಿತ್ತು. ಮತದಾನದಲ್ಲಿ ಅವರಿಗೆ ಬಂದದ್ದು ನಾಲ್ಕನೇ ಸ್ಥಾನ.

ಇಲ್ಲಿ ಈ ಹುದ್ದೆಗೆ ಸ್ಪೋರ್ಟ್ಸ್ ಇನ್ಫರ್ಮೇಷನ್ ಡೈರೆಕ್ಟರ್, ಚಿಕ್ಕದಾಗಿ ಎಸ್‌ಐಡಿ ಎನ್ನುವುದು ರೂಢಿ. ಸಣ್ಣ ಕಾಲೇಜಾದರೆ ಹತ್ತಿಪ್ಪತ್ತು ತಂಡಗಳಿಗೆ ಒಬ್ಬರೋ ಇಬ್ಬರೋ. ದಿನದ ಬಹುಪಾಲು ಅಂಕಿಅಂಶಗಳಲ್ಲೇ ಕಳೆಯುತ್ತದೆ. ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕ ಕುಳಿತು ಒಬ್ಬರು ಯಾರ ಶಾಟ್, ಯಾರ ರೀಬೌಂಡ್, ಯಾರ ಫೌಲ್ ಎಂದು ಕೂಗುತ್ತಾರೆ. ಇನ್ನೊಬ್ಬರು ಕಂಪ್ಯೂಟರಿಗೆ ತುಂಬುತ್ತಾರೆ. ತಲೆನೋವು ಅಸಿಸ್ಟ್‌ನದು, ಅಂದರೆ ಅಂಕಕ್ಕೆ ದಾರಿಮಾಡಿದ ಪಾಸ್‌ನದು. ಪಾಸ್‌ನಿಂದಲೇ ಅಂಕ ಬಂತೋ, ಆಟಗಾರ್ತಿ ಸ್ವಂತ ಚಾಕಚಕ್ಯದಿಂದ ಗಳಿಸಿದಳೋ ಎಂಬುದು ಬರೆಯುವವರ ವಿವೇಚನೆ. ಬರೆಯುವವರು ಸಾಮಾನ್ಯವಾಗಿ ಆತಿಥೇಯ ಕಾಲೇಜಿನವರೇ ಆದ್ದರಿಂದ ಕೈ ಧಾರಾಳವಾಗುವ ಆಸೆ ಇದ್ದೇ ಇರುತ್ತದೆ. ತವರಿನಲ್ಲಿ ಮಾತ್ರ ಒಬ್ಬಳ ಅಸಿಸ್ಟ್‌ಗಳು ಉಬ್ಬುತ್ತಿದ್ದರೆ ಪತ್ರಕರ್ತರಿಗೆ ಅನುಮಾನ ಬಾರದಿರದು. ಅಲ್ಲಿಂದ ಮುಂದೆ ನೀವು ಕಳುಹಿಸುವ ನಿಜವಾದ ದಾಖಲೆಯನ್ನೂ ಅವರು ಎರಡು ಸಲ ಪರೀಕ್ಷಿಸುತ್ತಾರೆ.

ಗೊತ್ತಿದ್ದೂ ಹೇಳಬಾರದ್ದು ಇನ್ನಷ್ಟು. ಪರೀಕ್ಷೆಯಲ್ಲಿ ಹಿಂದೆ ಬಿದ್ದು ತಂಡದಿಂದ ಹೊರಗುಳಿದ ಹುಡುಗನ ಅಂಕಗಳನ್ನು ಅವನ ಒಪ್ಪಿಗೆಯಿಲ್ಲದೆ ಬಾಯಿಬಿಡುವಂತಿಲ್ಲ. ವಿದ್ಯಾರ್ಥಿಗಳ ದಾಖಲೆಗಳನ್ನು ಗುಟ್ಟಾಗಿಡುವ 1974ರ ಫೆರ್ಪಾ ಕಾಯ್ದೆ ಅಡ್ಡ ಬರುತ್ತದೆ. ಪತ್ರಕರ್ತರು ಕೆದಕುತ್ತಾರೆ, ತರಬೇತುದಾರರು ಗುರುಗುಟ್ಟುತ್ತಾರೆ. ನಡುವೆ ನಿಂತು ಸುಳ್ಳಾಡದೆ ಸುಮ್ಮನಿರುವುದನ್ನು ಯಾವ ಪದವಿಯೂ ಕಲಿಸಿದ್ದನ್ನು ನಾನು ಕಂಡಿಲ್ಲ.

ಹಾಗೆಂದು ಚಮತ್ಕಾರಕ್ಕೆ ಬೆಲೆಯಿಲ್ಲವೆಂದಲ್ಲ. 1924ರಲ್ಲಿ ನಾಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ನಾಲ್ವರನ್ನು ಪತ್ರಕರ್ತ ಗ್ರ್ಯಾಂಟ್‌ಲ್ಯಾಂಡ್ ರೈಸ್ ಕುದುರೆ ಸವಾರರಿಗೆ ಹೋಲಿಸಿ ಬರೆದರು. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಜಾರ್ಜ್ ಸ್ಟ್ರಿಕ್ಲರ್ ಆ ನಾಲ್ವರನ್ನೂ ನಿಜವಾದ ಕುದುರೆಗಳ ಮೇಲೆ ಕೂರಿಸಿ ಫೋಟೊ ತೆಗೆಸಿದ. ನ್ಯೂಯಾರ್ಕಿನ ಫಲಕಕ್ಕಿಂತ ಎಷ್ಟೋ ಅಗ್ಗ. ನೂರು ವರ್ಷವಾದರೂ ಆ ಚಿತ್ರ ಓಡಾಡುತ್ತಲೇ ಇದೆ.

ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ ಮಾಡಿದ್ದ ಪೀಟ್ ರೋಜೆಲ್ 1960ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಮುಖ್ಯಸ್ಥರಾದರು. ಉಳಿದವರ ಪಾಲಿಗೆ ಆರಂಭದ ಸಂಬಳ ಸಾಧಾರಣ, ಶನಿವಾರ ಭಾನುವಾರಗಳು ಇಲ್ಲವೇ ಇಲ್ಲ. ಕರ್ನಾಟಕದಿಂದ ಓದಲು ಬರುವವರಿಗೆ ಒಂದು ದಾರಿಯಿದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕ್ಯಾಂಪಸ್ಸಿನೊಳಗೆ ದುಡಿಯಬಹುದು. ಗ್ರಂಥಾಲಯದ ಕೌಂಟರಿಗೆ ಅರ್ಜಿ ಹಾಕುವ ಮೊದಲು ಕ್ರೀಡಾ ಮಾಹಿತಿ ಕಚೇರಿಯ ಬಾಗಿಲು ತಟ್ಟಿ. ಹೋಗುವಾಗ ಊರಿನ ಅಂತರ ಕಾಲೇಜು ವಾಲಿಬಾಲ್ ಪಂದ್ಯವೊಂದರ ಬಗ್ಗೆ ನೀವೇ ಬರೆದ ವರದಿ ಕೈಯಲ್ಲಿರಲಿ. ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಬರೆದದ್ದು, ಎಲ್ಲರ ಹೆಸರಿನ ಕಾಗುಣಿತ ಸರಿಯಾಗಿರುವುದು.