ಜೋರಾಗಿ ಆಡಿದ್ದೆಲ್ಲ ಗ್ಯಾಂಬಿಟ್ ಅಲ್ಲ

ಚೆಸ್‌ನಲ್ಲಿ ‘ಕಪ್ಪು ಕಾಯಿಗೆ ಭರ್ಜರಿ ಗ್ಯಾಂಬಿಟ್‌ಗಳು’ (ಆರಂಭದಲ್ಲೇ ಬೇರೆ ಲಾಭಕ್ಕಾಗಿ ಕಾಯಿ ಬಿಟ್ಟುಕೊಡುವ ಆಟಗಳು) ಎಂಬ ಪಟ್ಟಿ ತೆಗೆದರೆ ಅದರಲ್ಲಿ ಕಿಂಗ್ಸ್ ಇಂಡಿಯನ್ ಇದ್ದೇ ಇರುತ್ತದೆ. ಜೋರಿನ ಓಪನಿಂಗ್ (ಆಟ ಶುರು ಮಾಡುವ ಕ್ರಮ) ಹೌದು. ಕಪ್ಪು ಎಫ್5, ಎಫ್4, ಜಿ5 (ಅಕ್ಷರ ಬೋರ್ಡಿನ ಉದ್ದ ಸಾಲು, ಅಂಕಿ ಅದರಲ್ಲಿನ ಮನೆ) ಎಂದು ಬಿಳಿ ರಾಜನ ಮೇಲೆ ಕಾಲಾಳುಗಳನ್ನು ನುಗ್ಗಿಸುತ್ತದೆ. ಆದರೆ ಆ ಹೊತ್ತಿಗೆ ಕಪ್ಪು ಏನನ್ನೂ ಬಿಟ್ಟುಕೊಟ್ಟಿರುವುದಿಲ್ಲ. ಬಿಟ್ಟುಕೊಡದೆ ಗ್ಯಾಂಬಿಟ್ ಎಲ್ಲಿಂದ ಬರಬೇಕು?

ಸಿಸಿಲಿಯನ್ ಓಪನಿಂಗಿನ ನಜ್ಡಾರ್ಫ್ ಪದ್ಧತಿಯಲ್ಲಿ ಬರುವ ‘ವಿಷದ ಕಾಲಾಳು’ ಎಂಬ ಕ್ರಮವನ್ನೂ ಇದೇ ಪಟ್ಟಿಗೆ ಸೇರಿಸುತ್ತಾರೆ. ಅಲ್ಲಂತೂ ಬಿ2 ಕಾಲಾಳನ್ನು ಬಿಡುವುದು ಬಿಳಿ, ಹೊಡೆಯುವುದು ಕಪ್ಪು. 1972ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 11ನೇ ಆಟದಲ್ಲಿ ಅಮೆರಿಕದ ಬಾಬಿ ಫಿಶರ್ ಕಪ್ಪು ಕಾಯಿಯಲ್ಲಿ ಅದನ್ನು ಹೊಡೆದರು. ಎದುರಾಳಿ, ಸೋವಿಯತ್‌ನ ಸ್ಪಾಸ್ಕಿ, ಫಿಶರ್ ಅವರ ಕ್ವೀನನ್ನೇ ಹಿಡಿದು ಗೆದ್ದರು.

ಪದದ ಮೂಲ ನೋಡಿದರೆ ಗೊಂದಲ ಅರ್ಧ ಕರಗುತ್ತದೆ. ಇಟಾಲಿಯನ್‌ನಲ್ಲಿ ‘ಗಾಂಬಾ’ ಎಂದರೆ ಕಾಲು. ‘ಗಾಂಬೆಟ್ಟೊ’ ಎಂದರೆ ಅಡ್ಡಗಾಲು ಕೊಟ್ಟು ಬೀಳಿಸುವುದು. ಸ್ಪೇನ್‌ನ ಪಾದ್ರಿ ರುಯ್ ಲೋಪೆಜ್ 1561ರ ತಮ್ಮ ಪುಸ್ತಕದಲ್ಲಿ ಇದನ್ನು ಚೆಸ್‌ಗೆ ತಂದರು. ಕುಸ್ತಿಯಲ್ಲಿ ಅಡ್ಡಗಾಲು ಕೊಡುವವನು ಒಂದು ಕ್ಷಣ ಒಂಟಿ ಕಾಲಿನ ಮೇಲೆ ನಿಲ್ಲಬೇಕು. ಎದುರಾಳಿ ಬೀಳದಿದ್ದರೆ ಇವನೇ ಬೀಳುತ್ತಾನೆ. ಗ್ಯಾಂಬಿಟ್ಟಿನ ಜೀವ ಇರುವುದು ಆ ಒಂಟಿ ಕಾಲಿನಲ್ಲಿ: ಮೊದಲು ಕೊಡಬೇಕು, ಬದಲಿಗೆ ವೇಗವನ್ನೋ ಜಾಗವನ್ನೋ ತೆರೆದ ಸಾಲನ್ನೋ ಪಡೆಯಬೇಕು.

ಕಪ್ಪಿನ ಕಡೆಯಿಂದ ಇದರ ಅತ್ಯುತ್ತಮ ಉದಾಹರಣೆ, ನನ್ನ ಮಟ್ಟಿಗೆ, 1985ರ ಕಾರ್ಪೊವ್–ಕಾಸ್ಪರೊವ್ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 16ನೇ ಆಟ. ಸಿಸಿಲಿಯನ್‌ನಲ್ಲಿ ಕಾಸ್ಪರೊವ್ 8ನೇ ನಡೆಗೆ ಡಿ5 ಆಡಿ ಕಾಲಾಳು ಬಿಟ್ಟರು. ಅವರ ಕುದುರೆ ಡಿ3ಕ್ಕೆ ಬಂದು ಕೂತಿತು. ಬಿಳಿಯ ಸೈನ್ಯಕ್ಕೆ ಉಸಿರಾಡಲು ಜಾಗವಿಲ್ಲ! ಮುಂದೆ ಬೇರೊಂದು ಆಟದಲ್ಲಿ ಬಿಷಪ್ಪನ್ನು ಇ3ಕ್ಕೆ ತರುವ ಉತ್ತರವನ್ನು ಕಾರ್ಪೊವ್ ಕಂಡುಕೊಂಡರು, ಆ ಗ್ಯಾಂಬಿಟ್ ಮೂಲೆಗೆ ಸರಿಯಿತು. ಬದಲಿಗೆ ಸಿಗುವುದು ಸಾಲದಿದ್ದರೆ ಹೀಗೇ ಆಗುವುದು.

ಇನ್ನು, ಗ್ಯಾಂಬಿಟ್ ಎಂದರೆ ರಾಜನ ಮೇಲೆ ದಾಳಿ ಅಂತಲೂ ಅಲ್ಲ. ಬೆಂಕೊ ಗ್ಯಾಂಬಿಟ್ ನೋಡಿ. ಮೂರನೇ ನಡೆಗೆ ಬಿ5, ಆಮೇಲೆ ಎ6. ಬಿಳಿ ಎರಡು ಸಲ ಹೊಡೆದರೆ ಎ ಮತ್ತು ಬಿ ಸಾಲುಗಳು ಕಪ್ಪು ರೂಕ್‌ಗಳಿಗೆ ತೆರೆದುಕೊಳ್ಳುತ್ತವೆ. ಜಿ7ರ ಬಿಷಪ್ ಅದೇ ಕಡೆಗೆ ನೋಡುತ್ತಿರುತ್ತದೆ. ಕ್ವೀನ್‌ಗಳು ಬೋರ್ಡಿನಿಂದ ಹೋದ ಮೇಲೂ ಒತ್ತಡ ಕಡಿಮೆ ಆಗುವುದಿಲ್ಲ. ಗದ್ದಲ ಇಲ್ಲ, ಮೇಟ್ ಇಲ್ಲ, ಆದರೂ ಅಪ್ಪಟ ಗ್ಯಾಂಬಿಟ್.

‘ಕೌಂಟರ್ ಗ್ಯಾಂಬಿಟ್’ ಕೂಡ ಕಪ್ಪು ಆಡುವ ಎಲ್ಲ ಗ್ಯಾಂಬಿಟ್‌ಗಳ ಹೆಸರಲ್ಲ. ಸರಿಯಾಗಿ ಹೇಳಬೇಕೆಂದರೆ ಅದು ಗ್ಯಾಂಬಿಟ್ಟಿಗೆ ಗ್ಯಾಂಬಿಟ್ಟಿನಲ್ಲೇ ಕೊಡುವ ಉತ್ತರ. ಕಿಂಗ್ಸ್ ಗ್ಯಾಂಬಿಟ್‌ಗೆ ಡಿ5 ಎನ್ನುವ ಫಾಲ್ಕ್‌ಬೇರ್, ಕ್ವೀನ್ಸ್ ಗ್ಯಾಂಬಿಟ್‌ಗೆ ಇ5 ಎನ್ನುವ ಆಲ್ಬಿನ್.

ಆಲ್ಬಿನ್ ಹೆಸರು ಬಂದ ಕೂಡಲೇ ಲಾಸ್ಕರ್ ಟ್ರ್ಯಾಪ್ (ಬಲೆ) ತೋರಿಸುತ್ತಾರೆ, ಏಳನೇ ನಡೆಗೆ ಕಾಲಾಳು ಕುದುರೆಯಾಗಿ ಬಡ್ತಿ ಪಡೆಯುವ ಆಟ. ಚೆನ್ನಾಗಿದೆ. ಆದರೆ ಟ್ರ್ಯಾಪ್ ಬೇರೆ, ಗ್ಯಾಂಬಿಟ್ ಬೇರೆ. ಟ್ರ್ಯಾಪ್‌ಗೆ ಎದುರಾಳಿ ತಪ್ಪಬೇಕು, ಇಲ್ಲಿ ನಾಲ್ಕನೇ ನಡೆಗೆ ಇ3 ಆಡಬೇಕು. ತಿಳಿದವರು ಸುಮ್ನೆ ಕುದುರೆಯನ್ನು ಎಫ್3ಕ್ಕೆ ತರುತ್ತಾರೆ. ಆಗ ಕಪ್ಪಿಗೆ ಉಳಿಯುವುದು ಡಿ4ರಲ್ಲಿ ನಿಂತ ಕಾಲಾಳು. ಒಂದು ಕಾಲಾಳು ಕಳೆದುಕೊಂಡದ್ದಕ್ಕೆ ಅದು ಸಾಕೋ ಇಲ್ಲವೋ ಎಂಬುದೇ ಆಲ್ಬಿನ್ ಆಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ.