ಭುಜ ಜಾರಿತ್ತು, ಕೂರಿಸಿದ್ದಾರೆ. ವಾದ್ಯ ಮತ್ತೆ ಯಾವಾಗ ಹಿಡಿಯಬಹುದು?

ಪ್ರಶ್ನೆ: ಹತ್ತು ದಿನದ ಹಿಂದೆ ಬಿದ್ದು ನನ್ನ ಬಲಭುಜ ಜಾರಿತು. ಆಸ್ಪತ್ರೆಯಲ್ಲಿ ಕೂರಿಸಿ, ಎಕ್ಸ್‌ರೇ ತೆಗೆದು, ಸ್ಲಿಂಗ್ ಹಾಕಿ ಕಳಿಸಿದರು. ಮೂಳೆ ಮುರಿದಿಲ್ಲವಂತೆ. ನಾನು ವಯೋಲಿನ್ ನುಡಿಸುತ್ತೇನೆ. ಮತ್ತೆ ಕಮಾನು ಹಿಡಿಯಲು ಎಷ್ಟು ವಾರ ಬೇಕು? ಒಬ್ಬರು ಮೂರು ವಾರ ಅಂತಾರೆ, ಇನ್ನೊಬ್ಬರು ಆರು ತಿಂಗಳು ಅಂತಾರೆ.

ಉತ್ತರ: ಇಬ್ಬರು ಹೇಳಿದ್ದೂ ಸುಳ್ಳಲ್ಲ. ಕಮಾನನ್ನು ಬೆರಳಲ್ಲಿ ಹಿಡಿಯಲು ಮೂರು ವಾರವೂ ಬೇಕಿಲ್ಲ. ವೇದಿಕೆ ಮೇಲೆ ಎರಡು ಗಂಟೆ ನುಡಿಸಲು ನಾಲ್ಕೈದು ತಿಂಗಳು ಹಿಡಿಯಬಹುದು. ಅದಕ್ಕೇ ಈ ಪ್ರಶ್ನೆ ಯಾರು ಕೇಳಿದರೂ ನಾನು ವಾರದ ಲೆಕ್ಕ ಕೊಡುವುದಿಲ್ಲ. ನಿಮ್ಮ ವಾದ್ಯ ನಿಮ್ಮ ತೋಳನ್ನು ಎಲ್ಲೆಲ್ಲಿಗೆ ಕರೆದುಕೊಂಡು ಹೋಗುತ್ತದೆ, ಮೊದಲು ಅದನ್ನು ನೋಡಿ ಅನ್ನುತ್ತೇನೆ. ನಾನು ಡಾಕ್ಟರಲ್ಲ. ಇದೇ ಬಲಭುಜ ಜಾರಿಸಿಕೊಂಡು, ಇದೇ ಪ್ರಶ್ನೆ ಹಿಡಿದು ಒದ್ದಾಡಿದ ಒಬ್ಬ ವಯೋಲಿನ್ ವಾದಕ, ಅಷ್ಟೇ.

ಭುಜದ ಕೀಲನ್ನು ಚೆಂಡು ಮತ್ತು ಬಟ್ಟಲು ಅಂತ ವರ್ಣಿಸುತ್ತಾರೆ. ನಿಜಕ್ಕೂ ಅದು ಬಟ್ಟಲಲ್ಲ, ಆಳವಿಲ್ಲದ ಒಂದು ಪುಟ್ಟ ತಟ್ಟೆ. ತೋಳಿನ ಮೂಳೆಯ ಗುಂಡು ತಲೆಯಲ್ಲಿ ಒಂದು ಸಲಕ್ಕೆ ಕಾಲು ಭಾಗವೋ ಮೂರನೇ ಒಂದು ಭಾಗವೋ ಮಾತ್ರ ಆ ತಟ್ಟೆಗೆ ತಾಗಿರುತ್ತದೆ. ತಟ್ಟೆಯ ಅಂಚಿಗೆ ಮೆತ್ತನೆಯ ಒಂದು ಉಂಗುರ ಇದೆ, ಲೇಬ್ರಮ್ ಅಂತ ಅದರ ಹೆಸರು. ಸುತ್ತ ಚೀಲದ ಹಾಗೆ ಕಟ್ಟು. ಅದರ ಮೇಲೆ ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯುಗಳು ಗುಂಡನ್ನು ತಟ್ಟೆಗೆ ಒತ್ತಿ ಹಿಡಿದಿರುತ್ತವೆ. ಕೈಯನ್ನು ಎತ್ತ ಬೇಕಾದರೂ ಆಡಿಸಬಹುದು ಅನ್ನುವುದಕ್ಕೆ ನಾವು ತೆತ್ತ ಬೆಲೆ ಇದು: ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ಜಾರುವುದು ಇದೇ.

ನೂರಕ್ಕೆ ಸುಮಾರು 95 ಸಲ ಅದು ಮುಂದಕ್ಕೆ ಜಾರುತ್ತದೆ. ಹೇಗೆ ಅಂದರೆ, ಕಲ್ಲು ಎಸೆಯಲು ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ತೋಳು ಪಕ್ಕಕ್ಕೆ ಎದ್ದಿರುತ್ತದೆ, ಮುಂಗೈ ಹಿಂದಕ್ಕೆ ಬಾಗಿರುತ್ತದೆ. ಆ ಭಂಗಿಯಲ್ಲಿ ಜೋರಾಗಿ ಎಳೆತ ಬಿದ್ದರೆ ಗುಂಡು ಮುಂದಕ್ಕೆ ತಪ್ಪಿಸಿಕೊಳ್ಳುತ್ತದೆ. ನಾನು ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿ ಕಂಬಿ ಹಿಡಿದೆ. ದೇಹ ಕೆಳಗೆ ಹೋಯಿತು, ಕೈ ಮೇಲೇ ಉಳಿಯಿತು. ಕಥೆ ಮುಗಿಯಿತು.

ಈ 'ಎಸೆಯುವ ಭಂಗಿ'ಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಮುಂದಿನ ಕೆಲವು ತಿಂಗಳು ನಿಮ್ಮ ಶತ್ರು ಅದೊಂದೇ. ಆದರೆ ಒಂದು ಮಾತು ಡಾಕ್ಟರನ್ನು ಕೇಳಿಟ್ಟುಕೊಳ್ಳಿ: ಯಾವ ಕಡೆಗೆ ಜಾರಿತ್ತು? ಕರೆಂಟ್ ಹೊಡೆದಾಗ ಅಥವಾ ಫಿಟ್ಸ್ ಬಂದಾಗ ಭುಜ ಹಿಂದಕ್ಕೆ ಜಾರುವುದುಂಟು. ಹಾಗಾಗಿದ್ದರೆ ಲೆಕ್ಕ ತಿರುಗುಮುರುಗು. ಆಗ ತೋಳನ್ನು ಎದೆಗೆ ಅಡ್ಡ ತಂದು ಒಳಕ್ಕೆ ತಿರುಗಿಸುವುದೇ ಅಪಾಯ. ನಾನು ಇಲ್ಲಿ ಹೇಳುವುದೆಲ್ಲ ಮುಂದಕ್ಕೆ ಜಾರಿದವರಿಗೆ.

ಸ್ಲಿಂಗ್ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಜಾಸ್ತಿ ದಿನ ಕಟ್ಟಿಕೊಂಡರೆ ಜಾಸ್ತಿ ಗಟ್ಟಿಯಾಗುತ್ತದೆ ಅಂತ ಅನಿಸುತ್ತೆ, ಅಲ್ವಾ? ಹಾಗೇನಿಲ್ಲ. ನಲವತ್ತು ದಾಟಿದವರಲ್ಲಂತೂ ಸುಮ್ನೆ ಕಟ್ಟಿಟ್ಟ ಭುಜ ಬಿಗಿದುಕೊಂಡುಬಿಡುತ್ತದೆ, ಆಮೇಲೆ ಅದನ್ನು ಬಿಡಿಸುವುದೇ ಇನ್ನೊಂದು ಪಾಡು. ಡಾಕ್ಟರು ಹೇಳಿದಷ್ಟು ದಿನ ಕಟ್ಟಿ, ಅದಕ್ಕಿಂತ ಒಂದು ದಿನ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಿರಿ. ರಾತ್ರಿ ಅಂಗಾತ ಮಲಗಿ ಮೊಣಕೈ ಕೆಳಗೆ ದಿಂಬು ಕೊಡಿ. ತಲೆ ಮೇಲೆ ಕೈ ಎತ್ತಿ ಮಲಗುವ ಅಭ್ಯಾಸ ಇದ್ದವರಿಗೆ ಇದು ತುಂಬಾ ಮುಖ್ಯ, ಯಾಕೆಂದರೆ ಅದು ಹೆಚ್ಚುಕಡಿಮೆ ಎಸೆಯುವ ಭಂಗಿಯೇ.

ಸ್ಲಿಂಗಿನಲ್ಲಿ ಕೈ ಇದ್ದರೂ ಬೆರಳು, ಮಣಿಕಟ್ಟು, ಮೊಣಕೈಗೆ ರಜೆ ಇಲ್ಲ. ಡಾಕ್ಟರು ಬೇಡ ಅನ್ನದಿದ್ದರೆ ಮೊದಲ ದಿನದಿಂದಲೇ ಆಡಿಸಬಹುದು. ನಾನು ಪೆನ್ಸಿಲನ್ನು ಕಮಾನಿನ ಹಾಗೆ ಹಿಡಿದು, ಬೆರಳು ಮಡಚಿ ಚಾಚಿ ಮಾಡುತ್ತಿದ್ದೆ. ಭುಜ ಅಲ್ಲಾಡುವುದಿಲ್ಲ, ಕಮಾನು ಹಿಡಿಯುವ ಬೆರಳು ಮಾತ್ರ ಮರೆಯುವುದಿಲ್ಲ. ಎಡಗೈ ಚೆನ್ನಾಗಿದೆ ಅಂತ ವಯೋಲಿನ್ ಎತ್ತಿಕೊಳ್ಳಲು ಹೋದರೆ ಇನ್ನೊಂದು ತಮಾಷೆ: ಬಲಗೈ ಸ್ಲಿಂಗಿನ ಪಟ್ಟಿ ಸರಿಯಾಗಿ ಎಡ ಹೆಗಲ ಮೇಲೇ ಹಾದುಹೋಗುತ್ತದೆ, ವಯೋಲಿನ್ ಕೂರುವ ಜಾಗದಲ್ಲೇ. ನಾನು ವಾದ್ಯವನ್ನು ತೊಡೆ ಮೇಲೆ ಇಟ್ಟುಕೊಂಡು ಬರೀ ಎಡಗೈ ಬೆರಳು ಓಡಿಸಿದೆ.

ವಾದ್ಯ ಮುಟ್ಟದೆ ಮನಸ್ಸಿನಲ್ಲೇ ನುಡಿಸುವುದನ್ನು ಕೆಲವರು ಸಮಾಧಾನಕ್ಕೆ ಹೇಳುವ ಮಾತು ಅಂದುಕೊಳ್ಳುತ್ತಾರೆ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಐದು ಬೆರಳಿನ ಪಿಯಾನೋ ಪಾಠ ಕೊಟ್ಟು, ಐದು ದಿನ, ದಿನಕ್ಕೆ ಎರಡು ಗಂಟೆ ಅಭ್ಯಾಸ ಮಾಡಿಸಿದರು. ಒಂದು ಗುಂಪು ಬೆರಳಿನಿಂದ ನುಡಿಸಿತು, ಇನ್ನೊಂದು ಗುಂಪು ಮನಸ್ಸಿನಲ್ಲಿ ಮಾತ್ರ. ಬೆರಳನ್ನು ಆಳುವ ಮಿದುಳಿನ ಭಾಗ ಎರಡೂ ಗುಂಪಿನಲ್ಲಿ ಒಂದೇ ಥರ ಬದಲಾಗಿತ್ತು. ನುಡಿಸಿದವರ ಕೈ ಹೆಚ್ಚು ಚುರುಕಾಗಿತ್ತು, ನಿಜ. ಆದರೆ ಮನಸ್ಸಿನಲ್ಲಿ ಮಾಡಿದವರು ಆಮೇಲೆ ಎರಡೇ ಗಂಟೆ ವಾದ್ಯದ ಮುಂದೆ ಕೂತು ಅವರ ಹತ್ತಿರ ಬಂದರು. ಸ್ಲಿಂಗಿನ ವಾರಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ನನಗೆ ಸಿಗಲಿಲ್ಲ.

ಈಗ ಕಮಾನಿನ ವಿಷಯ. ವಯೋಲಿನ್ ಕಮಾನಿನ ತೂಕ ಸುಮಾರು 60 ಗ್ರಾಂ. ಇಷ್ಟು ಹಗುರದ್ದನ್ನು ಎತ್ತಲು ಏನು ಕಷ್ಟ ಅಂತ ಮನೆಯವರೂ ಕೇಳುತ್ತಾರೆ, ನಾವೂ ಅಂದುಕೊಳ್ಳುತ್ತೇವೆ. ಭಾರ ಇರುವುದು ಕಮಾನಿನಲ್ಲಲ್ಲ, ತೋಳಿನಲ್ಲಿ. ಒಂದು ತೋಳು ಅಂದರೆ ದೇಹದ ತೂಕದ ಸುಮಾರು ನೂರಕ್ಕೆ ಐದರಷ್ಟು. 60 ಕೆ.ಜಿ. ಇರುವವರಿಗೆ 3 ಕೆ.ಜಿ. ಅದನ್ನು ಗಾಳಿಯಲ್ಲಿ ತೇಲಿಸಿಕೊಂಡು, ನಡುಗದ ಹಾಗೆ, ಗಂಟೆಗಟ್ಟಲೆ ಆಡಿಸಬೇಕು. ಕ್ರೀಡಾಪಟುವಿಗೆ ಬೇಕಾದದ್ದು ಒಂದು ಕ್ಷಣದ ಬಲ. ನಮಗೆ ಬೇಕಾದದ್ದು ದಣಿಯದಿರುವುದು. ಆ ನಾಲ್ಕು ಸಣ್ಣ ಸ್ನಾಯುಗಳು ದಣಿದರೆ ಗುಂಡನ್ನು ತಟ್ಟೆಯ ನಡುವೆ ಹಿಡಿದಿಡುವವರು ಯಾರೂ ಇಲ್ಲ. ಹಾಗಾಗಿ ಫಿಸಿಯೋ ಹತ್ತಿರ ಹೋದಾಗ 'ನಾನು ವಾದ್ಯ ನುಡಿಸುತ್ತೇನೆ' ಅಂತ ಮಾತ್ರ ಹೇಳಬೇಡಿ. ವಾದ್ಯ ತೆಗೆದುಕೊಂಡು ಹೋಗಿ, ಭಂಗಿ ತೋರಿಸಿ. ಮೊಣಕೈಯನ್ನು ಪಕ್ಕೆಗೆ ಒತ್ತಿ, ನಡುವೆ ಸುತ್ತಿದ ಟವೆಲ್ ಇಟ್ಟು, ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮವನ್ನು ಎಲ್ಲರಿಗೂ ಕೊಡುತ್ತಾರೆ. ನಿಮಗೆ ಅದೇ ವ್ಯಾಯಾಮ ಹಗುರ ಪಟ್ಟಿಯಲ್ಲಿ, ಹೆಚ್ಚು ಸಲ ಬೇಕಾಗಬಹುದು. ಭಂಗಿ ನೋಡಿದರೆ ಅವರೇ ಹೇಳುತ್ತಾರೆ.

ಸ್ಲಿಂಗ್ ಬಿಚ್ಚಿ, ಕೈಯನ್ನು ನೋವಿಲ್ಲದೆ ಮುಂದಕ್ಕೆ ಎತ್ತಲು ಬಂದ ಮೇಲೆ, ಫಿಸಿಯೋ ಹೂಂ ಅಂದ ಮೇಲೆ, ನನ್ನ ಮೊದಲ ಪಾಠ ಹೀಗಿತ್ತು. ಕನ್ನಡಿ ಮುಂದೆ ಕೂತೆ. ಫೋನಿನಲ್ಲಿ ಐದು ನಿಮಿಷಕ್ಕೆ ಅಲಾರಾಂ ಇಟ್ಟೆ. ಬೆರಳೊತ್ತದೆ ತೆಳು ತಂತಿ ಒಂದೇ, ಕಮಾನಿನ ನಡುಭಾಗ ಒಂದೇ, ಒಂದು ಗೇಣು ಹೋಗುವುದು, ಬರುವುದು. ತೆಳು ತಂತಿ ಯಾಕೆ ಅಂದರೆ ಅದರಲ್ಲಿ ಮೊಣಕೈ ಪಕ್ಕೆಯ ಹತ್ತಿರವೇ ಇರುತ್ತದೆ. ತಂತಿ ದಪ್ಪವಾದಷ್ಟೂ ಮೊಣಕೈ ಮೇಲೇಳುತ್ತದೆ. ದಪ್ಪ ತಂತಿಯಲ್ಲಿ ಕಮಾನಿನ ಬುಡಕ್ಕೆ, ಅಂದರೆ ನಾವು ಹಿಡಿಯುವ ತುದಿಗೆ, ಬಂದಾಗ ತೋಳು ಭುಜದ ಮಟ್ಟಕ್ಕೇ ಬಂದುಬಿಡಬಹುದು. ಆದ್ದರಿಂದ ದಪ್ಪ ತಂತಿಯ ಬುಡ ಕೊನೆಗೆ. ಮೂರನೇ ನಿಮಿಷಕ್ಕೆ ಕನ್ನಡಿಯಲ್ಲಿ ನೋಡುತ್ತೇನೆ, ಬಲ ಹೆಗಲು ಕಿವಿಯ ಹತ್ತಿರ ಬಂದಿದೆ! ನನಗೆ ಗೊತ್ತೇ ಆಗಿರಲಿಲ್ಲ. ಭುಜದ ಒಳಗಿನ ಸ್ನಾಯು ಸೋತಾಗ ಕತ್ತಿನ ಸ್ನಾಯು ಕೆಲಸ ಕಸಿದುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಅಲಾರಾಂ ಹೊಡೆಯಲಿ ಬಿಡಲಿ. ಭುಜ ಜಾರಿದವರಲ್ಲಿ ಎಷ್ಟೋ ಜನ ಕೊನೆಗೆ ಗೋಳಾಡುವುದು ಭುಜದ ನೋವಿಗಲ್ಲ, ಕತ್ತು ನೋವಿಗೆ.

ಇನ್ನೊಂದು ಅಳತೆಗೋಲು ಮರುದಿನದ ಬೆಳಗ್ಗೆ. ನುಡಿಸುವಾಗ ಆಗುವ ಸಣ್ಣ ನೋವು ಸ್ವಲ್ಪ ಹೊತ್ತಿಗೆ ಇಳಿದರೆ ಪರವಾಗಿಲ್ಲ. ಬೆಳಗ್ಗೆ ಏಳುವಾಗ ನಿನ್ನೆಗಿಂತ ಜಾಸ್ತಿ ಇದ್ದರೆ ನಿನ್ನೆ ಅತಿಯಾಯಿತು ಅಂತಲೇ ಅರ್ಥ.

ಬೇರೆ ವಾದ್ಯದವರೂ ಇದೇ ಲೆಕ್ಕ ಹಾಕಿಕೊಳ್ಳಿ. ಕೀಬೋರ್ಡ್, ತಬಲ ನುಡಿಸುವವರ ತೋಳು ಹೆಚ್ಚಾಗಿ ಮೈಗೆ ಹತ್ತಿರ, ಮುಂದುಗಡೆಯೇ ಇರುತ್ತದೆ. ಬೇಗ ಶುರು ಮಾಡಬಹುದು. ಕೀಬೋರ್ಡಿನ ತುದಿಯ ಕೀಲಿಗಳಿಗೆ ಕೈ ಚಾಚುವ ಬದಲು ಸ್ಟೂಲನ್ನೇ ಸರಿಸಿ. ಕೊಳಲಿನವರಿಗೆ ಕೈ ಎತ್ತಿ ಹಿಡಿದೇ ಇರಬೇಕಾದ ಕಷ್ಟ, ದಣಿವು ಬೇಗ. ನಿಂತು ವಯೋಲಿನ್ ನುಡಿಸುವವರ ಎಡಭುಜ ಜಾರಿದ್ದರೆ ತೊಡಕು ಬೇರೆ: ಎಡಮೊಣಕೈ ವಾದ್ಯದ ಕೆಳಗೆ ಬರಬೇಕಾದರೆ ತೋಳು ಹೊರಕ್ಕೆ ತಿರುಗಲೇಬೇಕು. ಭುಜ ಬಿಗಿಯಾಗಿದ್ದಾಗ ಮಣಿಕಟ್ಟು ತಿರುಚಿ ಸರಿದೂಗಿಸಿದರೆ ಮಣಿಕಟ್ಟೂ ಕೆಡುತ್ತದೆ. ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಪಾದದ ಮೇಲೆ ಇಟ್ಟು ನುಡಿಸುವವರಿಗೆ ಹೊರುವ ಭಾರವಾದರೂ ತಪ್ಪುತ್ತದೆ. ಎಲ್ಲರಿಗಿಂತ ತಡವಾಗಿ ಪೂರ್ತಿ ಮರಳಬೇಕಾದವರು ಡ್ರಮ್ಸ್‌ನವರು. ಪಕ್ಕದಲ್ಲಿ ಎತ್ತರಕ್ಕಿರುವ ಸಿಂಬಲ್‌ಗೆ ಕೋಲು ಬೀಸುವುದು ಸಾಕ್ಷಾತ್ ಎಸೆಯುವ ಭಂಗಿ. ಸಿಂಬಲ್ ಸ್ಟ್ಯಾಂಡನ್ನು ತಗ್ಗಿಸಿ, ಮುಂದಕ್ಕೆ ಎಳೆದುಕೊಳ್ಳಿ. ನೋಡುವವರಿಗೆ ಚೆಂದ ಕಾಣುವುದಿಲ್ಲ, ಕಾಣದಿರಲಿ.

ಇಷ್ಟೆಲ್ಲ ಜೋಪಾನ ಮಾಡಿದವರಿಗೂ ವಾದ್ಯದ ಪೆಟ್ಟಿಗೆ ಕೈ ಕೊಡುತ್ತದೆ. ಬೆನ್ನಿಗೆ ಹಾಕುವ ಗಿಟಾರ್ ಬ್ಯಾಗನ್ನೇ ನೋಡಿ. ಒಂದು ಪಟ್ಟಿ ಹೆಗಲಿಗೇರಿತು. ಎರಡನೆಯದಕ್ಕೆ ಕೈ ಹಿಂದಕ್ಕೆ ಹೋಗುತ್ತದೆ, ಪಟ್ಟಿ ಸಿಗುವುದಿಲ್ಲ, ಮೊಣಕೈ ಇನ್ನಷ್ಟು ಹಿಂದೆ, ಇನ್ನಷ್ಟು ಮೇಲೆ. ಅಷ್ಟರಲ್ಲಿ ಬ್ಯಾಗು ತೂಗಾಡಿ ಪಟ್ಟಿ ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಕಾರಿನ ಮುಂದಿನ ಸೀಟಲ್ಲಿ ಕೂತು ಹಿಂದಿನ ಸೀಟಿನ ಪೆಟ್ಟಿಗೆ ಎಳೆದುಕೊಳ್ಳುವುದೂ ಇದೇ ಜಾತಿ. ನುಡಿಸುವಾಗ ನಮ್ಮ ಗಮನವೆಲ್ಲ ಕೈ ಮೇಲೆ ಇರುತ್ತದೆ. ಹೊರಡುವ ಗಡಿಬಿಡಿಯಲ್ಲಿ ಇರುವುದಿಲ್ಲ. ಪೆಟ್ಟಾದ ಕೈಯನ್ನು ಮೊದಲು ಪಟ್ಟಿಗೆ ತೂರಿಸಿ, ಒಳ್ಳೆಯ ಕೈಯನ್ನು ಹಿಂದಕ್ಕೆ ಕಳಿಸಿ. ಇನ್ನೂ ಒಳ್ಳೆಯದು, ಆರು ತಿಂಗಳು ಬೇರೆ ಯಾರಾದರೂ ಹೊರಲಿ.

ನೋವು ಹೋದ ಮೇಲೂ ಹೆದರಿಕೆ ಉಳಿಯುತ್ತದೆ. ಕೈ ಒಂದು ಮಟ್ಟ ದಾಟಿದ ಕೂಡಲೇ 'ಈಗ ಜಾರಿತು' ಅಂತ ಎದೆ ಝಲ್ಲೆನ್ನುತ್ತದೆ. ಇದನ್ನು ಪುಕ್ಕಲುತನ ಅಂದುಕೊಂಡು ಮುಚ್ಚಿಡಬೇಡಿ. ಈ ಹೆದರಿಕೆಯನ್ನು ಡಾಕ್ಟರು ಪರೀಕ್ಷೆ ಮಾಡಿ ನೋಡುತ್ತಾರೆ, ಕೀಲು ಎಷ್ಟು ಸಡಿಲವಾಗಿದೆ ಅಂತ ಅದರಿಂದಲೂ ತಿಳಿಯುತ್ತದೆ. ಎಷ್ಟೋ ಸಲ ಕಾರಣ ಇಷ್ಟೇ: ತೋಳು ಎಲ್ಲಿದೆ ಅಂತ ಮಿದುಳಿಗೆ ಸುದ್ದಿ ಕಳಿಸುವ ನರತುದಿಗಳು ಕೀಲಿನ ಸುತ್ತ ಇರುವ ಆ ಚೀಲದಂಥ ಕಟ್ಟಿನಲ್ಲೇ ಇರುತ್ತವೆ, ಅವಕ್ಕೂ ಪೆಟ್ಟಾಗಿರುತ್ತದೆ. ಕಣ್ಣು ಮುಚ್ಚಿ ಮಾಡುವ ವ್ಯಾಯಾಮ, ಗೋಡೆಗೆ ಚೆಂಡು ಒತ್ತಿ ಉರುಳಿಸುವುದು, ಇವೆಲ್ಲ ಇರುವುದು ಅದಕ್ಕೇ.

ಮತ್ತೆ ಜಾರುತ್ತದಾ? ವಯಸ್ಸಿನ ಮೇಲೆ ಹೋಗುತ್ತದೆ. ಹದಿಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಮೊದಲ ಸಲ ಜಾರಿದವರಿಗೆ ಸಾಧ್ಯತೆ ತುಂಬಾ ಜಾಸ್ತಿ. ನಲವತ್ತು ದಾಟಿದ ಮೇಲೆ ಕಡಿಮೆ, ಆದರೆ ಆ ವಯಸ್ಸಿನಲ್ಲಿ ರೊಟೇಟರ್ ಕಫ್ ಹರಿದಿರುವ ಸಾಧ್ಯತೆ ಹೆಚ್ಚು. ಎರಡು ಮೂರು ವಾರ ಕಳೆದರೂ ಕೈ ಎತ್ತಲು ಬರುತ್ತಿಲ್ಲ ಅಂದರೆ ಸ್ಕ್ಯಾನ್ ಬೇಕಾ ಅಂತ ಕೇಳಿ. ಭುಜದ ಹೊರಮೈಯಲ್ಲಿ, ತೋಳಿನ ಮೇಲ್ಭಾಗದಲ್ಲಿ ಅಂಗೈಯಗಲ ಜಾಗ ಜೋಮು ಹಿಡಿದ ಹಾಗಿದ್ದರೆ ಅಲ್ಲಿ ಹಾದುಹೋಗುವ ನರ ಎಳೆತಕ್ಕೆ ಸಿಕ್ಕಿರಬಹುದು. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆದರೂ ತೋರಿಸಿ. ಕೈ ತಣ್ಣಗಾಗುವುದು, ಬಣ್ಣ ಬದಲಾಗುವುದು, ಬೆರಳಿನ ಬಲ ಹೋಗುವುದು ಕಂಡರೆ ಕಾಯಬೇಡಿ, ಅವತ್ತೇ ಹೋಗಿ. ಮತ್ತೆ ಜಾರಿದರೂ ಅಷ್ಟೇ. ಸಿನಿಮಾದಲ್ಲಿ ಗೋಡೆಗೆ ಗುದ್ದಿ ಭುಜ ಕೂರಿಸಿಕೊಳ್ಳುತ್ತಾರೆ. ಅದನ್ನು ಮಾಡಲು ಹೋಗಿ ನರ ಕಳೆದುಕೊಂಡರೆ ಭುಜ ಇದ್ದೂ ಪ್ರಯೋಜನವಿಲ್ಲ.

ಪದೇ ಪದೇ ಜಾರುತ್ತಿದ್ದರೆ ಆಪರೇಷನ್ ಮಾತು ಬರುತ್ತದೆ. ತಟ್ಟೆಯ ಅಂಚಿನ ಉಂಗುರ ಮುಂಭಾಗದಲ್ಲಿ ಕಿತ್ತುಬರುವುದನ್ನು ಬ್ಯಾಂಕಾರ್ಟ್ ಅನ್ನುವ ಸರ್ಜನ್ 1923ರಲ್ಲಿ ವಿವರಿಸಿದರು. ಅದನ್ನು ಮತ್ತೆ ಮೂಳೆಗೆ ಹೊಲಿಯುವ ಆಪರೇಷನ್‌ಗೆ ಇವತ್ತಿಗೂ ಅವರದೇ ಹೆಸರು. ಈಗ ಹೆಚ್ಚಾಗಿ ಸಣ್ಣ ತೂತುಗಳಿಂದಲೇ ಮುಗಿಸುತ್ತಾರೆ. ಆಮೇಲೆ ನಾಲ್ಕರಿಂದ ಆರು ವಾರ ಸ್ಲಿಂಗ್. ಇದರಲ್ಲಿ ಸಂಗೀತದವರು ಮೊದಲೇ ಕೇಳಬೇಕಾದ ಒಂದು ವಿಷಯ ಇದೆ: ಕೀಲು ಗಟ್ಟಿ ಮಾಡುವಾಗ ತೋಳು ಹೊರಕ್ಕೆ ತಿರುಗುವ ಅಳತೆ ಸ್ವಲ್ಪ ಕಡಿಮೆಯಾಗಬಹುದು. ಬಹಳ ಜನಕ್ಕೆ ಅದು ತಿಳಿಯುವುದೂ ಇಲ್ಲ. ನಿಂತು ನುಡಿಸುವ ವಯೋಲಿನಿಸ್ಟ್‌ನ ಎಡಗೈಗೆ ತಿಳಿಯುತ್ತದೆ. ಆಪರೇಷನ್‌ಗೆ ಮುಂಚೆಯೇ ಸರ್ಜನ್‌ಗೆ ನುಡಿಸುವ ಫೋಟೋ ತೋರಿಸಿ, 'ನನಗೆ ಇಷ್ಟು ತಿರುಗಬೇಕು' ಅನ್ನಿ.

ವಾರದ ಲೆಕ್ಕ ಕೊಡುವುದಿಲ್ಲ ಅಂದರೂ ನೀವು ಬಿಡುವುದಿಲ್ಲ, ನಾನೂ ಬಿಟ್ಟಿರಲಿಲ್ಲ. ನನ್ನ ಡೈರಿಯಲ್ಲಿ ಇರುವುದು ಹೀಗೆ. ಕಮಾನು ತಂತಿಗೆ ತಾಗಿದ್ದು 26ನೇ ದಿನ. ಉದ್ದ ಕಮಾನು ಎಳೆದದ್ದು ಏಳನೇ ವಾರ. ದಪ್ಪ ತಂತಿಯ ಬುಡಕ್ಕೆ ಹೋದದ್ದು ಹನ್ನೊಂದನೇ ವಾರ, ಹೋಗಿ ಮತ್ತೆ ಹತ್ತು ದಿನ ಆ ಕಡೆ ಸುಳಿಯಲಿಲ್ಲ. ಜನರ ಮುಂದೆ ಒಂದು ಗಂಟೆ ಕೂತದ್ದು ಐದನೇ ತಿಂಗಳಲ್ಲಿ. ಅವತ್ತು ವಾಪಸು ಬರುವಾಗ ವಯೋಲಿನ್ ಪೆಟ್ಟಿಗೆ ಹೊತ್ತದ್ದು ನನ್ನ ತಮ್ಮ.